ಮುಖ ತೋರದ ಪಾರ್ಟು

ನಾಟಕ ಕಂಪನಿಯಲ್ಲಿ ದೀಪ ನೋಡಿಕೊಳ್ಳುವವನ ಹತ್ತಿರ ಯಾರೂ ದೇವರ ವಿಚಾರ ಮಾತಾಡಲು ಬರುವುದಿಲ್ಲ. ಬಂದರೆ ಬಲ್ಬು ಸುಟ್ಟಿದೆ ಎಂದೋ, ತನ್ನ ಮುಖದ ಮೇಲೆ ನೆರಳು ಬಿತ್ತೆಂದೋ ಜಗಳಕ್ಕೆ ಬರುತ್ತಾರೆ. ಹಾಗಿರುವಾಗ ಆ ಬೇಸಗೆಯ ಅರಸೀಕೆರೆ ಕ್ಯಾಂಪಿನಲ್ಲಿ, ಯೇಸು ದೇವರೋ ಪ್ರವಾದಿಯೋ ಎಂಬ ಪ್ರಶ್ನೆ ದೀಪ ಏರಿಳಿಸುವ ನನ್ನ ಉಪ್ಪುನೀರಿನ ಜಾಡಿಗಳ ಮುಂದೆ ಬಂದು ಕುಳಿತದ್ದು ನನಗೆ ಈಗಲೂ ಸೋಜಿಗ.

ಹಳೇಬೀಡಿನ ಕ್ಯಾಂಪು ಮುಗಿಸಿ, ಪರದೆಗಳನ್ನು ಸುತ್ತಿ ಲಾರಿಗೆ ಹೇರಿಕೊಂಡು ಬಂದು, ರೈಲ್ವೆ ಕಾಲೋನಿಯ ಪಕ್ಕದ ಬಯಲಿನಲ್ಲಿ ಥೇಟರು ಕಟ್ಟಿದ್ದೆವು. ಸುತ್ತ ತಗಡು, ಮೇಲೆ ತೆಂಗಿನ ಗರಿ. ಹಗಲು ಒಳಗೆ ಕಾಲಿಟ್ಟರೆ ಬೆಂದುಹೋಗಬೇಕು. ಅಂಥ ಒಂದು ಹಗಲಿನಲ್ಲಿ ಕಾಲೋನಿಯ ಪುಟ್ಟ ಚರ್ಚಿನ ಉಪದೇಶಿಗಳು ಕೊಡೆ ಮಡಿಸುತ್ತಾ ಒಳಗೆ ಬಂದರು. ಪಾದ್ರಿಗಳು ಹಾಸನದಿಂದ ಯಾವಾಗಲೋ ಒಮ್ಮೆ ಬರುತ್ತಿದ್ದರು. ಮಿಕ್ಕ ದಿನಗಳಲ್ಲಿ ಪ್ರಾರ್ಥನೆ, ಮಕ್ಕಳಿಗೆ ಪಾಠ, ಕಾಯಿಲೆಯವರ ಮನೆ, ಸಾವಿನ ಮನೆ ಎಲ್ಲವೂ ಈ ಮುದುಕರದೇ. ಯೇಸುಸ್ವಾಮಿಯ ಬಗ್ಗೆ ತಾವೇ ಒಂದು ನಾಟಕ ಬರೆದಿದ್ದರು. ಈಸ್ಟರಿಗೆ ಮುಂಚಿನ ಭಾನುವಾರ ಮಧ್ಯಾಹ್ನ ನಮ್ಮ ಕಂಪನಿ ಅದನ್ನು ಆಡಬೇಕೆಂದು ಅವರ ಆಸೆ. ರಾತ್ರಿ ಆಡಿದರೆ ಅರ್ಧ ಕಾಲೋನಿ ಗಾಡಿಗಳ ಮೇಲೆ ಡ್ಯೂಟಿಯಲ್ಲಿರುತ್ತದೆ.

"ನಮ್ಮ ಜನ ನಿಮ್ಮ ಆಟಕ್ಕೆಲ್ಲ ಬರ್ತಾರೆ. ನಿಮ್ಮ ರಾಮ ಕಾಡಿಗೆ ಹೋದರೆ ಅಳ್ತಾರೆ. ಒಂದು ಸಲ ಅವರ ಕರ್ತನನ್ನೂ ಊರಿನವರು ನೋಡಲಿ ಅಂತ ನನ್ನಾಸೆ. ನನಗೂ ವಯಸ್ಸಾಯ್ತು" ಎಂದರು.

ನಮ್ಮ ಮಾಲೀಕರಿಗೆ ದೇವರ ನಾಟಕವೆಂದರೆ ಯಾವ ದೇವರಾದರೂ ಸರಿ. ತಕ್ಷಣ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಯಾರನ್ನೂ ಕೇಳದೆ ಮಾರನೆಯ ದಿನವೇ ಕರಪತ್ರ ಅಚ್ಚು ಹಾಕಿಸಿ, ಜಟಕಾ ಗಾಡಿಯಲ್ಲಿ ತಮಟೆ ಹೊಡೆಸಿ ಊರೆಲ್ಲ ಹಂಚಿಸಿಬಿಟ್ಟರು. ಅದರಲ್ಲಿ ನಮ್ಮ ರಾಜಾಪಾರ್ಟಿನ ನಟರ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ 'ಯೇಸುವಿನ ಪಾತ್ರದಲ್ಲಿ'. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ನಮ್ಮ ಮಾಲೀಕರು.

ರಾಜಾಪಾರ್ಟಿನವರು ಮುಸಲ್ಮಾನರು. ಕಂಪನಿಯಲ್ಲಿ ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಅವರ ದನಿ ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟುತ್ತಿತ್ತು. ರಾಮನ ಪಾರ್ಟು ಇದ್ದ ದಿನ ಬೆಳಗಿನಿಂದ ಮಾಂಸ ಮುಟ್ಟುತ್ತಿರಲಿಲ್ಲ. ಸ್ನಾನ ಮಾಡಿಯೇ ಬಣ್ಣಕ್ಕೆ ಕೂರುತ್ತಿದ್ದರು. ಆಟದ ನಡುವೆ ನಮಾಜಿನ ವೇಳೆ ಬಂದರೆ ಕಿರೀಟ ತೆಗೆದು ನನ್ನ ಕೈಗೆ ಕೊಟ್ಟು, ಸೈಡ್‌ವಿಂಗಿನ ಹಿಂದೆ ಚಾಪೆ ಹಾಸುತ್ತಿದ್ದರು. ರಾಮನ ಕಿರೀಟ ಹಿಡಿದುಕೊಂಡು ನಾನು ಅಷ್ಟು ಹೊತ್ತು ಕಾಯುತ್ತಾ ನಿಂತಿರುತ್ತಿದ್ದೆ. ಕಂಪನಿಯಲ್ಲಿ ಯಾರಿಗೂ ಅದರಲ್ಲಿ ವಿಶೇಷ ಕಂಡಿರಲಿಲ್ಲ.

ಕರಪತ್ರ ನೋಡಿದ ಸಾಹೇಬರು ಅದನ್ನು ಮಡಿಸಿ ಮಾಲೀಕರ ಮುಂದಿಟ್ಟು, "ಈ ಪಾರ್ಟು ನನ್ನಿಂದಾಗಲ್ಲ ಧಣಿ" ಎಂದರು.

"ರಾಮ ಆಗ್ತೀರಿ, ಹರಿಶ್ಚಂದ್ರ ಆಗ್ತೀರಿ. ಇದಕ್ಕೇನು ಬಂತು?"

"ರಾಮ ನಿಮ್ಮ ದೇವರು. ನೀವು ಕೊಟ್ಟ ಕಿರೀಟ ನಾನಿಟ್ಕೊಂಡೆ. ಹೆಚ್ಚುಕಮ್ಮಿ ಆದ್ರೆ ನೀವು ತಿದ್ದುತೀರಿ. ಯೇಸುವನ್ನ ನಾವು ಹಜ್ರತ್ ಈಸಾ ಅಂತೀವಿ, ಅವರು ನಮ್ಮ ಪೈಗಂಬರು. ಅವರ ಹೆಸರು ಬಂದ್ರೆ ಸಲಾಮ್ ಹೇಳದೆ ನಾವು ಮುಂದಕ್ಕೆ ಹೋಗಲ್ಲ. ಅವರ ಮುಖ ಅಂತ ಈ ಬಣ್ಣ ಬಳಿದ ಮುಖ ತೋರಿಸ್ಲಾ?"

ನಮಗೆಲ್ಲ ಇದು ತಿರುಗುಮುರುಗಾಗಿ ಕಂಡಿತು. ತನ್ನದಲ್ಲದ ದೇವರ ವೇಷ ಹಾಕಬಹುದು, ತನ್ನವರದು ಆಗದು. ಯೋಚಿಸಿದಷ್ಟೂ ನನಗೆ ಅದು ಸರಿಯೆನಿಸತೊಡಗಿತು. ನನ್ನಪ್ಪನ ವೇಷ ಹಾಕು ಎಂದರೆ ನಾನೂ ಹಾಕಲಾರೆ. ಮಾಲೀಕರಿಗೆ ಮಾತ್ರ ಸರಿ ಕಾಣಲಿಲ್ಲ. ಊರೆಲ್ಲ ಹಂಚಿ ಆಗಿದೆ, ಆಡದಿದ್ದರೆ ಬೇರೆ ಕಂಪನಿ ನೋಡಿಕೊಳ್ಳಿ ಎಂದುಬಿಟ್ಟರು.

ಮಾರನೆಯ ದಿನ ಕೊಬ್ಬರಿ ಮಂಡಿಯ ಹಿರಿಯರು ಬಂದರು. ಅರಸೀಕೆರೆಯಲ್ಲಿ ಅವರನ್ನು ತಿಳಿಯದವರಿಲ್ಲ. ಬಿಳಿ ಗಡ್ಡ, ಹೆಗಲ ಮೇಲೆ ಟವಲು, ಮೈಯೆಲ್ಲ ಕೊಬ್ಬರಿಯ ವಾಸನೆ. ಅವರ ಎರಡನೇ ಮಗನಿಗೆ ನಮ್ಮ ಸಾಹೇಬರ ಮಗಳನ್ನು ತರುವ ಮಾತುಕತೆ ಆಗಿತ್ತು. ನಾಟಕದವನ ಮಗಳೆಂದು ಎರಡು ಕಡೆ ಸಂಬಂಧ ತಪ್ಪಿಹೋಗಿದ್ದ ಹುಡುಗಿ ಅವಳು. ಹಿರಿಯರು ಪೆಟ್ಟಿಗೆಯೊಂದರ ಮೇಲೆ ಕುಳಿತು, ಜಗಳವಾಡುವ ದನಿಯಲ್ಲಲ್ಲ, ಬೇಸರದಿಂದ ಹೇಳಿದರು.

"ರಾಮ ಅಂತ ಕುಣೀಲಿ, ರಾಜ ಅಂತ ಕುಣೀಲಿ, ಅದು ಅವರ ಹೊಟ್ಟೆಪಾಡು. ನಾವು ಒಂದಿನ ತುಟಿ ಬಿಚ್ಚಿಲ್ಲ. ಆದ್ರೆ ಈಸಾ ಪೈಗಂಬರ ವೇಷ ಹಾಕ್ಕೊಂಡು, ದೇವರ ಮಗ ಅಂತ ಕರೆಸ್ಕೊಂಡು, ಸೂಲಿಗೆ ಏರಿದ್ರೆ, ನಾನು ಯಾವ ಮುಖ ಇಟ್ಕೊಂಡು ಆ ಮನೆ ಹೆಣ್ಣು ತರ್ಲಿ ಹೇಳಿ. ಈ ಆಟ ಮುಗೀಲಿ. ಅವರು ಆ ಪಾರ್ಟಲ್ಲಿಲ್ಲ ಅಂತ ನನಗೆ ಗೊತ್ತಾಗ್ಲಿ. ಅಲ್ಲೀಗಂಟ ಲಗ್ನದ ಮಾತು ಬ್ಯಾಡ."

ಸಾಹೇಬರು ಹಿರಿಯರನ್ನು ಬಾಗಿಲವರೆಗೆ ಕಳಿಸಿಕೊಟ್ಟು ಬಂದರು. ಪಾರ್ಟು ಮಾಡಿದರೆ ಮಗಳ ಮದುವೆ ಹೋಯಿತು, ಮಾಡದಿದ್ದರೆ ಅನ್ನ ಹೋಯಿತು. ಆ ರಾತ್ರಿಯ ಆಟದಲ್ಲಿ ಅವರು ಪದ್ಯದ ಎರಡು ಸಾಲು ನುಂಗಿಬಿಟ್ಟರು. ನಾನು ಕಂಪನಿ ಸೇರಿದ ಮೇಲೆ ಅವರು ಸಾಲು ಮರೆತದ್ದು ಅದೇ ಮೊದಲು.

ಬೇರೆಯವರಿಂದ ಮಾಡಿಸೋಣವೆಂದು ನಮ್ಮ ರಾವಣನ ಪಾರ್ಟಿನವರನ್ನು ನಿಲ್ಲಿಸಿ ನೋಡಿದೆವು. ಮನುಷ್ಯ ಬೆಣ್ಣೆಯಂಥವರು, ಆದರೆ ದನಿ ಹುಟ್ಟಿನಿಂದಲೇ ರಾವಣನದು. ಮಕ್ಕಳನ್ನು ಪ್ರೀತಿಯಿಂದ ಹತ್ತಿರ ಕರೆಯುವ ಸೀನು. ಅವರು "ಬನ್ನಿ ಮಕ್ಕಳೇ" ಎಂದೊಡನೆ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಟ್ಟು ಹೊರಗೆ ಓಡಿದಳು. ಉಪದೇಶಿಗಳು ಕೈಮುಗಿದು, "ಇವರು ಕರೆದರೆ ಮಕ್ಕಳು ತಾಯಂದಿರ ಸೆರಗಿನಿಂದ ಈಚೆ ಬರೋದಿಲ್ಲ" ಎಂದರು. ರಾವಣನೇ ಮೊದಲು ನಕ್ಕರು.

ಆಗ ನಾನು ಬಾಯಿ ಹಾಕಿದೆ. ಮನುಷ್ಯರೇ ಬೇಡ, ಬರೀ ಬೆಳಕು ತೋರಿಸೋಣ ಎಂದೆ. ಪರದೆಯ ಹಿಂದಿನಿಂದ ನೀಲಿ ಗಾಜು ಹಾಕಿದ ದೀಪ ನಿಧಾನವಾಗಿ ಏರುತ್ತದೆ, ಒಳಗಿನಿಂದ ದನಿ ಬರುತ್ತದೆ. ವೇಷವಿಲ್ಲ, ಮುಖವಿಲ್ಲ, ಯಾರಿಗೂ ನೋವಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಉಪದೇಶಿಗಳು ಬಹಳ ಹೊತ್ತು ತಲೆ ಅಲ್ಲಾಡಿಸಿದರು. "ಬೆಳಕಲ್ಲಿ ಬಂದು ಬೆಳಕಲ್ಲಿ ಹೋಗೋ ದೇವರು ನಿಮ್ಮ ಕಂಪನೀಲೇ ಬೇಕಾದಷ್ಟಿದ್ದಾರೆ. ನಮ್ಮಾತ ನಡೆದು ನಡೆದು ದಣಿದು ಬಾವಿ ಕಟ್ಟೆ ಮೇಲೆ ಕೂತು, ನೀರು ಸೇದೋಕೆ ಬಂದ ಹೆಂಗಸನ್ನ ಕುಡಿಯೋಕೆ ಕೊಡಮ್ಮ ಅಂತ ಕೇಳಿದ. ದೇವರಿಗೆ ಬಾಯಾರಿಕೆ ಆಯ್ತು. ನಮ್ಮ ನಂಬಿಕೆ ಇಷ್ಟೇ. ಅದನ್ನ ತೆಗೆದು ದೀಪ ಇಟ್ಟರೆ ಏನುಳೀತು?"

ಮೂಲೆಯಲ್ಲಿ ಕುಳಿತಿದ್ದ ಸಾಹೇಬರು ಅಲ್ಲಿಂದಲೇ ಹೇಳಿದರು. "ಬಾಯಾರಿಕೆ ಆಯ್ತು ಅನ್ನೋದು ನಾವೂ ಒಪ್ತೀವಿ. ಅವರೂ ಅವರ ತಾಯಿ ಮರಿಯಂ ಬೀಬಿಯೂ ನಮ್ಮ ಹಾಗೇ ಅನ್ನ ಉಂಡೋರು ಅಂತಲೇ ನಮ್ಮ ಕಿತಾಬು ಹೇಳೋದು. ಅದಕ್ಕೇ ದೇವರಲ್ಲ ಅಂತೀವಿ."

"ನಾವು ಅದಕ್ಕೇ ದೇವರು ಅಂತೀವಿ" ಎಂದರು ಉಪದೇಶಿಗಳು.

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಸೀನು ಇನ್ನೂ ಆಗಿರಲಿಲ್ಲ.

ಅಂದಿನಿಂದ ಉಪದೇಶಿಗಳು ದಿನಾ ಬರತೊಡಗಿದರು. ನಾನು ಜಾಡಿಗಳನ್ನು ತೊಳೆಯುತ್ತಿದ್ದರೆ ಇಬ್ಬರೂ ಆಚೀಚೆ ಕುಳಿತು ಟೀ ಕುಡಿಯುತ್ತಾ ಮಾತಾಡುತ್ತಿದ್ದರು. ಎರಡೂ ಮತದವರಿಗೆ ಗೊತ್ತಿರುವುದು ಎಷ್ಟೊಂದು ಒಂದೇ ಎಂದು ನನಗೆ ಆಗ ತಿಳಿಯಿತು. ತಂದೆಯಿಲ್ಲದೆ ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೇ. ಕುರುಡರಿಗೆ ಕಣ್ಣು ಕೊಟ್ಟದ್ದು, ಸತ್ತವರನ್ನು ಎಬ್ಬಿಸಿದ್ದು ಒಂದೇ. ಮತ್ತೆ ಬರುತ್ತಾರೆ ಎನ್ನುವುದೂ ಒಂದೇ. ದಾರಿ ಕವಲೊಡೆಯುತ್ತಿದ್ದದ್ದು ಎರಡು ಕಡೆ. ಮಗ ಎನ್ನುವ ಮಾತು ಬಂದಾಗ ಸಾಹೇಬರು, "ಅಲ್ಲಾಹ್ ಯಾರನ್ನೂ ಹೆತ್ತವನಲ್ಲ, ಯಾರಿಗೂ ಹುಟ್ಟಿದವನಲ್ಲ. ಇದನ್ನ ದಿನಾ ಹೇಳಿ ನೆಲಕ್ಕೆ ಹಣೆ ಮುಟ್ಟಿಸಿ ಸಜ್ದಾ ಮಾಡೋನ ನಾಲಿಗೆ ಬೇರೇದು ಹೇಳಲ್ಲ" ಎನ್ನುತ್ತಿದ್ದರು. ಉಪದೇಶಿಗಳು, "ನಾವು ಹೇಳೋ ಮಗ ಮನುಷ್ಯರು ಹೆತ್ತ ಹಾಗಲ್ಲ ಸಾಹೇಬರೇ. ದೇವರು ತನ್ನನ್ನೇ ಕೊಟ್ಟುಕೊಂಡ. ಅದಕ್ಕೆ ನಮ್ಮ ಬಾಯಲ್ಲಿ ಇರೋ ಹತ್ತಿರದ ಮಾತು ಮಗ ಅನ್ನೋದು" ಎನ್ನುತ್ತಿದ್ದರು.

ಶಿಲುಬೆಯ ಮಾತು ಬಂದರೆ ಇಬ್ಬರ ದನಿಯೂ ಇಳಿಯುತ್ತಿತ್ತು. ತನ್ನ ಪ್ರೀತಿಯ ಪೈಗಂಬರನನ್ನು ಅಲ್ಲಾಹ್ ಶತ್ರುಗಳ ಕೈಗೆ ಬಿಟ್ಟುಕೊಡಲಿಲ್ಲ, ತನ್ನ ಬಳಿಗೆ ಎತ್ತಿಕೊಂಡ ಎಂದು ಸಾಹೇಬರು. ಬಿಟ್ಟುಕೊಟ್ಟನಲ್ಲ, ಅದೇ ಪ್ರೀತಿ ಎಂದು ಉಪದೇಶಿಗಳು. ಇಬ್ಬರಿಗೂ ಆತನ ಮೇಲೆ ಇದ್ದ ಅಕ್ಕರೆ ನೋಡಿ ನನಗೆ ಹೊಟ್ಟೆ ತುಂಬುತ್ತಿತ್ತು. ಆದರೆ ಒಬ್ಬರ ಅಕ್ಕರೆ ಮುಖ ತೋರಿಸಬೇಕು ಎನ್ನುತ್ತಿತ್ತು, ಇನ್ನೊಬ್ಬರದು ತೋರಿಸಬಾರದು ಎನ್ನುತ್ತಿತ್ತು. ನನ್ನ ಸ್ಟೇಜು ಒಂದೇ.

ಇದರ ನಡುವೆ ಜಾಡಿಗಳು ಕೈಕೊಟ್ಟವು. ದೀಪವನ್ನು ಮಂಕು ಮಾಡಲು, ಬೆಳಗಿಸಲು ನಮ್ಮ ಬಳಿ ಇದ್ದದ್ದು ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಜಾಡಿಗಳು. ತಳದಲ್ಲಿ ಒಂದು ಸೀಸದ ತಗಡು, ಮೇಲಿನಿಂದ ದಾರದಲ್ಲಿ ಇಳಿಬಿಟ್ಟ ಇನ್ನೊಂದು, ನಡುವೆ ಉಪ್ಪುನೀರು. ವಿದ್ಯುತ್ತು ನೀರಿನ ಮೂಲಕ ಹಾಯಬೇಕು. ಮೇಲಿನ ತಗಡು ಇಳಿದಷ್ಟೂ ದೀಪ ಬೆಳಗುತ್ತದೆ, ಎತ್ತಿದಷ್ಟೂ ಮಂಕಾಗುತ್ತದೆ, ನೀರಿನಿಂದ ಹೊರಗೆ ತೆಗೆದರೆ ಕತ್ತಲೆ. ಮರದ ಮಣೆಯ ಮೇಲೆ ನಿಂತು ದಾರ ಹಿಡಿದು ಆಡಿಸಬೇಕು. ಉಪ್ಪು ಹೆಚ್ಚಾದರೆ ದೀಪ ದಿಗ್ಗನೆ ಹತ್ತುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ಅರಸೀಕೆರೆಯ ಬಾವಿ ನೀರು ಮೊದಲೇ ಗಡಸು. ಒಂದು ಕಾಳು ಉಪ್ಪು ಹಾಕದಿದ್ದರೂ ತಗಡು ನೀರು ಮುಟ್ಟುತ್ತಿದ್ದಂತೆ ದೀಪ ನೆಗೆಯುತ್ತಿತ್ತು. ರಾತ್ರಿಯ ಆಟಗಳಲ್ಲಿ ಹೇಗೋ ತಳ್ಳಿದ್ದೆ. ಈ ನಾಟಕಕ್ಕೆ ಬೆಳಕು ಮೆಲ್ಲಗೆ ಏರಲೇಬೇಕಿತ್ತು. ಅದಕ್ಕೆ ಸಿಹಿ ನೀರು ಬೇಕು. ನನಗೆ ಗೊತ್ತಿದ್ದ ಸಿಹಿ ನೀರೆಂದರೆ ನಮ್ಮೂರು ಬೇಲೂರಿನ ಯಗಚಿ ಹೊಳೆಯದು.

ಎಣ್ಣೆ ಡಬ್ಬಗಳನ್ನು ತೊಳೆದುಕೊಂಡು ಬಸ್ಸು ಹತ್ತಿದೆ. ಬೇಲೂರಿನಲ್ಲಿ ನನ್ನಪ್ಪ ಗುಡಿಯ ದೀಪದ ಸೇವೆಯಲ್ಲಿದ್ದವರು. ಮಗ ನಾಟಕದ ದೀಪ ಹಚ್ಚಲು ಹೋದನೆಂಬ ಸಿಟ್ಟು ಅವರಿಗೆ ಪೂರ್ತಿ ಹೋಗಿರಲಿಲ್ಲ. ನೀರಿಗಾಗಿ ಬಂದೆ ಎಂದಾಗ, "ಊರಿಗೆ ಬರೋಕೆ ಹೊಳೆ ನೀರು ನೆಪ ಬೇಕಾಯ್ತೇನೋ" ಎಂದರು. ಊಟಕ್ಕೆ ಕುಳಿತಾಗ ನನ್ನ ತೊಡಕನ್ನೆಲ್ಲ ಹೇಳಿದೆ. ಒಬ್ಬರಿಗೆ ಮೈ ಕಾಣಬೇಕು, ಇನ್ನೊಬ್ಬರಿಗೆ ಮುಖ ಕಾಣಬಾರದು.

ಅಪ್ಪ ಎಲೆಯ ಮೇಲೆ ಕೈ ತಡೆದು ಯೋಚಿಸಿದರು. "ಗರ್ಭಗುಡೀಲಿ ಕತ್ತಲೆ ಕಣೋ. ಆರತಿ ಎತ್ತಿದಾಗ ಮೊದಲು ಪಾದ ಕಾಣುತ್ತೆ. ಆಮೇಲೆ ಮೇಲಕ್ಕೆ ಹೋಗ್ತೀವಿ. ಬಾಗಿಲಲ್ಲಿ ನಿಂತೋರಲ್ಲಿ ಎಷ್ಟೋ ಜನ ಪಾದ ಕಂಡ ಕೂಡಲೇ ಕಣ್ಣು ಮುಚ್ಚಿಬಿಡ್ತಾರೆ. ಅವರಿಗೆ ಅಷ್ಟು ಸಾಕು. ನಿನ್ನ ದೀಪ ಅಲ್ಲೇ ನಿಲ್ಸು."

ಕೈತೊಳೆಯಲು ಎದ್ದವನು ಗೂಡಿನಲ್ಲಿದ್ದ ಹಣತೆಯನ್ನು ಊದಲು ಹೋದೆ. ಹಗಲು ಸುಮ್ಮನೆ ಉರಿಯುತ್ತಿತ್ತು. ಅಪ್ಪ ಗದರಿದರು. "ಹಚ್ಚಿದ ದೀಪ ಬಾಯಲ್ಲಿ ಊದಬಾರದು ಅಂತ ಇನ್ನೂ ಹೇಳ್ಕೊಡಬೇಕಾ?"

ವಾಪಸು ಬರುವಾಗ ಹಳೇಬೀಡಿನ ಹತ್ತಿರ ರಸ್ತೆ ಕುಲುಕಿ ಡಬ್ಬದ ನೀರು ಪಕ್ಕದವರ ಮೇಲೆ ಚೆಲ್ಲಿತು. ಕಂಡಕ್ಟರು ಏನ್ರೀ ಇದು ಎಂದಾಗ ಹೊಳೆ ನೀರು ಎಂದೆ. ಚೆಲ್ಲಿಸಿಕೊಂಡ ಮುದುಕಿ ತೀರ್ಥವೆಂದುಕೊಂಡು ತಲೆಗೆ ಸವರಿಕೊಂಡರು. ನಾನು ತಿದ್ದಲು ಹೋಗಲಿಲ್ಲ.

ಅರಸೀಕೆರೆಗೆ ಬಂದವನೇ ಇಬ್ಬರನ್ನೂ ಕೂರಿಸಿ ಹೇಳಿದೆ. ಉಪದೇಶಿಗಳ ನಾಟಕದಲ್ಲಿ ಒಂದು ಸೀನಿತ್ತು. ಕಡೆಯ ಊಟದ ದಿನ ಯೇಸು ಸೊಂಟಕ್ಕೆ ಟವಲು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ, ಶಿಷ್ಯರ ಕಾಲು ತೊಳೆಯುತ್ತಾನೆ. ಪೇತ್ರ ಎಂಬ ಬೆಸ್ತ ಶಿಷ್ಯ ಬೇಡವೆನ್ನುತ್ತಾನೆ. ನಾಟಕವೆಲ್ಲ ಶಿಷ್ಯರು, ಕುರುಡರು, ಬಾವಿಯ ಹೆಂಗಸು ಇವರ ಮಾತಿನಲ್ಲೇ ನಡೆಯಲಿ. ಯೇಸು ಬರುವುದು ಇದೊಂದು ಸೀನಿನಲ್ಲಿ. ಕಾಣುವುದು ಎರಡು ಕೈ, ಅಷ್ಟೇ. ದೀಪಕ್ಕೆ ತಗಡಿನ ಮುಚ್ಚಳ ಕಟ್ಟಿ ಬೆಳಕನ್ನು ನೆಲದಿಂದ ಮೊಣಕಾಲಿನವರೆಗೆ ಮಾತ್ರ ಬಿಡುತ್ತೇನೆ.

ಉಪದೇಶಿಗಳು ತಮ್ಮ ಕೈಗಳನ್ನೇ ನೋಡಿಕೊಂಡರು. "ಕೈ ಅಂದ್ರೆ ಮೈಯೇ. ದಣಿದ ಕೈ, ಒದ್ದೆ ಕೈ. ಆಗಬಹುದು." ಸ್ವಲ್ಪ ತಡೆದು, "ಮುಂದೆ? ಶಿಲುಬೆ?" ಎಂದರು.

ಸಾಹೇಬರು ನೆಲ ನೋಡುತ್ತಿದ್ದರು. ಉಪದೇಶಿಗಳು ತಮ್ಮ ಬರಹದ ಕೊನೆಯ ಹಾಳೆಗಳನ್ನು ತೆಗೆದು ಮಡಿಸಿ ಜೇಬಿಗಿಟ್ಟುಕೊಂಡರು. "ಕಾಲು ತೊಳೆಯೋದಕ್ಕೇ ಪರದೆ ಬೀಳಲಿ. ಮಿಕ್ಕಿದ್ದು ಶುಭ ಶುಕ್ರವಾರದ ದಿನ ಚರ್ಚಲ್ಲಿ ಹೇಳ್ತೀನಿ. ಬಿಟ್ಟುಕೊಟ್ಟೆ ಅಂತ ಮಾತ್ರ ತಿಳೀಬೇಡಿ ಸಾಹೇಬರೇ. ಶಿಲುಬೆ ಇದೆ. ನಿಮ್ಮ ಮಗಳ ಮದುವೆ ಮುರಿದು ಅದನ್ನ ನಿಲ್ಲಿಸೋದು ನನಗೆ ಬೇಡ." ಅವರು ಎಷ್ಟು ದೊಡ್ಡದನ್ನು ಮಡಿಸಿ ಜೇಬಿಗಿಟ್ಟರೆಂದು ನನಗೆ ಆಗ ಪೂರ್ತಿ ಅರ್ಥವಾಗಿರಲಿಲ್ಲ.

ಸಾಹೇಬರು ಹೇಳಿದರು. "ಈಸಾ ಅವರ ಶಿಷ್ಯರನ್ನ ನಮ್ಮಲ್ಲಿ ಹವಾರಿ ಅಂತೀವಿ. ಹವಾರಿ ಆಗೋಕೆ ನನಗೆ ಅಡ್ಡಿ ಇಲ್ಲ. ನಾನು ಪೇತ್ರ ಆಗ್ತೀನಿ. ಕೈ ಯಾರದು?"

ಸಾಹೇಬರು ಸ್ಟೇಜಿನ ಮೇಲಿದ್ದರೆ ಸಾಕು, ಕರಪತ್ರದ ಮಾತು ನಾನು ನೋಡ್ಕೋತೀನಿ ಎಂದು ಮಾಲೀಕರೂ ಒಪ್ಪಿದರು. ಯಾರ ಕೈ ಎಂದು ಮತ್ತೆ ತಲೆನೋವು. ನಮ್ಮ ನಟರ ಕೈಯೆಲ್ಲ ಕತ್ತಿ ತಿರುಗಿಸುವ ಕೈ. ಬೋಗುಣಿ ಹಿಡಿದರೂ ವೀರಾವೇಶ. ಕಾಲು ತೊಳೆಯುವುದು ಹೇಗೆಂದು ತೋರಿಸಲು ಉಪದೇಶಿಗಳೇ ಒಮ್ಮೆ ಕೂತರು. ಕಾಯಿಲೆಯವರ ಮೈ ಒರೆಸಿ ಅಭ್ಯಾಸವಿದ್ದ ಕೈ. ಅದನ್ನು ನೋಡಿದ ಮೇಲೆ ಬೇರೆ ಕೈ ಹುಡುಕಲು ಯಾರಿಗೂ ಮನಸ್ಸಾಗಲಿಲ್ಲ. ನಾನು ಯೋಗ್ಯನಲ್ಲ ಎಂದು ಅವರು ಎಷ್ಟೋ ಹೇಳಿದರು. ಮಾಲೀಕರು, "ಯೋಗ್ಯರೇ ಬೇಕು ಅಂದ್ರೆ ನಾನು ಕಂಪನಿ ಮುಚ್ಚಬೇಕಾಗುತ್ತೆ ಸ್ವಾಮಿ" ಎಂದು ಒಪ್ಪಿಸಿದರು.

ಉಳಿದದ್ದು ಹಗಲು. ಮಧ್ಯಾಹ್ನದ ಬಿಸಿಲು ಗರಿಗಳ ಸಂದಿನಲ್ಲಿ, ತಗಡಿನ ತೂತುಗಳಲ್ಲಿ ನುಗ್ಗುತ್ತಿತ್ತು. ಕತ್ತಲೆಯಿಲ್ಲದೆ ಮೊಣಕಾಲಿನ ಬೆಳಕು ಎಲ್ಲಿಂದ ಬರಬೇಕು? ಇರುವ ಪರದೆಗಳನ್ನೆಲ್ಲ ಕಟ್ಟಿದರೂ ಸಾಲಲಿಲ್ಲ. ಸಾಹೇಬರು ಎಷ್ಟು ಬೇಡವೆಂದರೂ ಕೇಳದೆ ನಾನು ಕೊಬ್ಬರಿ ಮಂಡಿಗೆ ಹೋದೆ. ಹಿರಿಯರ ಮುಂದೆ ನಿಂತು, ಏನು ಆಡುತ್ತೇವೆ, ಸಾಹೇಬರು ಏನಾಗುತ್ತಾರೆ, ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಲ್ಲ ಹೇಳಿ, ಖಾಲಿ ಗೋಣಿಚೀಲ ಬೇಕೆಂದೆ.

ಅವರು ಗಡ್ಡ ನೀವಿಕೊಂಡರು. "ಕೈ ಕಾಣ್ತದಲ್ಲ?"

"ಕಾಣುತ್ತೆ."

"ಅದೂ ನನಗೆ ಒಪ್ಪಿಗೆ ಇಲ್ಲ ಅಯ್ನೋರೆ. ನಾನು ನೋಡಕ್ಕೆ ಬರಲ್ಲ. ಹೊರಗೆ ಕೂತ್ಕೊಂಡು ಕೇಳ್ತೀನಿ, ನಮ್ಮ ಬೀ..." ಎಂದವರು ಮಾತು ನುಂಗಿ, "ಅವರು ಯಾವ ಪಾರ್ಟಲ್ಲವ್ರೆ ಅಂತ ದನಿಯಲ್ಲೇ ಗೊತ್ತಾಯ್ತದೆ" ಎಂದರು. ಆಮೇಲೆ ಆಳನ್ನು ಕರೆದು ಗಾಡಿ ತುಂಬ ಚೀಲ ಹಾಕಿಸಿದರು. ಒಪ್ಪಿಗೆ ಇಲ್ಲದ ನಾಟಕಕ್ಕೆ ಕತ್ತಲೆ ಕೊಟ್ಟವರು ಅವರೇ.

ಭಾನುವಾರ ಥೇಟರು ಕಿಕ್ಕಿರಿಯಿತು. ಕಾಲೋನಿಯವರು ತೊಳೆದ ಬಟ್ಟೆಯಲ್ಲಿ ಮುಂದೆ, ಊರಿನವರು ಹಿಂದೆ. ಒಳಗೆಲ್ಲ ಕೊಬ್ಬರಿಯ ವಾಸನೆ, ಬೆವರು. ಬಾವಿಯ ಹೆಂಗಸು ಬಂದು ತನ್ನ ಬಳಿ ನೀರು ಕೇಳಿದವನ ಮಾತು ಹೇಳಿದಳು. ಕುರುಡ ತನಗೆ ಕಣ್ಣು ಬಂದದ್ದನ್ನು ಹೇಳಿ ಅಳಿಸಿದ. ಸಾಹೇಬರ ಪೇತ್ರ ಬಲೆ ಹೊತ್ತು ಬಂದಾಗ ಹಿಂದಿನ ಬೆಂಚುಗಳು ಚಪ್ಪಾಳೆ ತಟ್ಟಿದವು. ಗೋಣಿಚೀಲದ ಆಚೆ ಹಿರಿಯರು ಕುಳಿತಿದ್ದಾರೆಂದು ನನಗೆ ಗೊತ್ತಿತ್ತು. ಆಗಾಗ ಅವರ ಕೆಮ್ಮು ಕೇಳುತ್ತಿತ್ತು.

ಕಡೆಯ ಸೀನು ಬಂತು. ತಗಡುಗಳನ್ನೆಲ್ಲ ಮೇಲೆತ್ತಿ ಕತ್ತಲೆ ಮಾಡಿದೆ. ಆಮೇಲೆ ಒಂದು ದಾರ ಮಾತ್ರ ಬೆರಳಿನಲ್ಲಿ ಹಿಡಿದು, ಉಸಿರು ಬಿಡುವಷ್ಟು ನಿಧಾನವಾಗಿ ಇಳಿಸಿದೆ. ಯಗಚಿಯ ನೀರು ಮಾತು ಕೇಳಿತು. ಮೊದಲು ಬೋಗುಣಿಯ ಅಂಚು, ಆಮೇಲೆ ಸಾಹೇಬರ ಪಾದಗಳು, ಆಮೇಲೆ ಕತ್ತಲೆಯಿಂದ ಎರಡು ಮುದಿ ಕೈ. ನೀರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಕೈಗಳು ಪಾದವನ್ನು ಹಿಡಿದವು. ಸಾಹೇಬರು ಕಾಲು ಹಿಂದಕ್ಕೆ ಎಳೆದುಕೊಂಡರು.

ಪೇತ್ರನಿಗೆ ಬರೆದಿದ್ದ ಮಾತು ಉದ್ದವಾಗಿತ್ತು. ಸಾಹೇಬರು ಅದನ್ನು ಹೇಳಲಿಲ್ಲ. "ಬೇಡಿ. ನೀವು ಹಿರಿಯರು, ನನ್ನ ಕಾಲು ಮುಟ್ಟಬಾರದು" ಎಂದರು. ಅದು ಪೇತ್ರನ ದನಿಯಲ್ಲ, ರಾಜಾಪಾರ್ಟಿನ ದನಿಯೂ ಅಲ್ಲ. ಟೀ ಕುಡಿಯುವಾಗಿನ ಅವರ ಸ್ವಂತ ದನಿ. ಕೈಗಳು ಮತ್ತೆ ಮುಂದಕ್ಕೆ ಬಂದು ಪಾದವನ್ನು ನೀರಿಗೆ ಇಳಿಸಿದವು. ಮುಂದಿನ ಸಾಲಿನಲ್ಲಿ ಒಬ್ಬ ಡ್ರೈವರು ಮುಖ ಮುಚ್ಚಿಕೊಂಡು ಅಳುತ್ತಿದ್ದ. ನನಗೂ ಕಣ್ಣು ತುಂಬಿತು.

ಇಲ್ಲಿಯೇ ನಾನು ಎಡವಿದ್ದು. ನಮ್ಮ ಕಂಪನಿಯ ಪದ್ಧತಿ, ದೇವರ ನಾಟಕ ಯಾವುದಾದರೂ ಕೊನೆಗೆ ದೇವರ ಪಾರ್ಟಿನವರಿಗೆ ಮಂಗಳಾರತಿ. ದೀಪದ ಮನೆತನದವನೆಂದು ಆ ಕೆಲಸ ಮೊದಲಿನಿಂದಲೂ ನನ್ನದು. ತಟ್ಟೆ, ಕರ್ಪೂರ ದಿನವೂ ಜಾಡಿಗಳ ಪಕ್ಕದಲ್ಲೇ ಇರುತ್ತಿದ್ದವು. ಬೇಡವೆಂದು ಯಾರೂ ಹೇಳಿರಲಿಲ್ಲ, ಏಕೆಂದರೆ ಹೀಗೂ ಒಂದಿದೆ ಎಂದು ಉಪದೇಶಿಗಳಿಗೂ ಹಿರಿಯರಿಗೂ ತಿಳಿದಿರಲಿಲ್ಲ, ಬರೀ ಕೈಗೆ ಆರತಿ ಎತ್ತುತ್ತೇನೆಂದು ಸಾಹೇಬರಿಗೆ ಹೊಳೆದಿರಲಿಲ್ಲ. ನನಗೋ ಅದು ಉಸಿರಾಟದ ಹಾಗೆ, ಹೇಳಬೇಕೆಂದೇ ತೋಚಿರಲಿಲ್ಲ. ಮೇಲಾಗಿ ಪಾದದ ಬೆಳಕಿನ ಉಪಾಯ ಬಂದದ್ದೇ ಆರತಿಯಿಂದ. ದಾರವನ್ನು ಮೊಳೆಗೆ ಸುತ್ತಿ, ಕರ್ಪೂರ ಹಚ್ಚಿ, ಗಂಟೆ ಬಾರಿಸುತ್ತಾ ಕಣ್ಣೀರು ಸುರಿಸಿಕೊಂಡು ಸ್ಟೇಜಿನ ಮೇಲೆ ನಡೆದೆ. ಆ ಎರಡು ಕೈಗಳ ಮುಂದೆ ತಟ್ಟೆ ಎತ್ತಿದೆ.

"ಬೇಡ" ಎಂದವು ಎರಡು ದನಿ. ಒಂದು ನನ್ನ ಕಾಲ ಬಳಿ ಕುಳಿತ ಉಪದೇಶಿಗಳದು. ಇನ್ನೊಂದು ಪಕ್ಕದಿಂದ, ಗೋಣಿಚೀಲ ಸರಿಸಿ ಒಳಗೆ ನುಗ್ಗಿದ ಹಿರಿಯರದು. ಕರ್ಪೂರದ ವಾಸನೆ ಅವರಿಗೆ ಹೊರಗೇ ತಿಳಿದಿತ್ತು. ಚೀಲ ಅವರ ಹಿಂದೆ ಮತ್ತೆ ಮುಚ್ಚಿಕೊಂಡಿತು.

ಅದೇ ಗಳಿಗೆಗೆ, ಸರಿಯಾಗಿ ಗಂಟು ಹಾಕದ ದಾರ ಬಿಚ್ಚಿಕೊಂಡು, ಜಾಡಿಯ ತಗಡು ತಳಕ್ಕೆ ಬಡಿದು, ದೀಪ ದಿಗ್ಗನೆ ಹತ್ತಿ ಬಲ್ಬು ಸುಟ್ಟುಹೋಯಿತು. ಇಡೀ ಥೇಟರಿನಲ್ಲಿ ನನ್ನ ತಟ್ಟೆಯ ಬೆಂಕಿಯೊಂದೇ ಬೆಳಕು. ಎತ್ತುವಂತಿಲ್ಲ, ಊದುವಂತಿಲ್ಲ. ನಾನು ಬಗ್ಗಿ ತಟ್ಟೆಯನ್ನು ಬೋಗುಣಿಯ ಪಕ್ಕ ನೆಲದ ಮೇಲಿಟ್ಟು, ಹಿಂದಕ್ಕೆ ಸರಿದು ಕೈಕಟ್ಟಿ ನಿಂತೆ. ಉಪದೇಶಿಗಳು ಕದಲಲಿಲ್ಲ. ಹಿರಿಯರು ನಿಂತಲ್ಲೇ ನಿಂತರು. ಸಾಹೇಬರ ಕಾಲು ನೀರಿನಲ್ಲೇ ಇತ್ತು. ಊರಿಗೆ ಊರೇ ಸುಮ್ಮನೆ ಕುಳಿತು ಕರ್ಪೂರ ತಾನಾಗಿ ಆರುವವರೆಗೆ ಕಾಯಿತು. ಅದು ಆರಿದ ಮೇಲೆ ತಡಕಾಡಿ ಹಗ್ಗ ಎಳೆದು ಪರದೆ ಇಳಿಸಿದೆ.

ಜನ ಹೊರಗೆ ಹೋಗುತ್ತಿದ್ದರು. ಚೀಲ ತೆಗೆದ ಕಡೆಯಿಂದ ಬಿಸಿಲು ಒಳಗೆ ಬಂತು. ಮದುವೆಗೆ ಕಡೆಯ ಕಲ್ಲು ಹಾಕಿದವನು ನಾನೇ ಎಂದುಕೊಂಡಿದ್ದೆ.

"ತಪ್ಪಾಯ್ತು ಸ್ವಾಮಿ" ಎಂದೆ ಉಪದೇಶಿಗಳಿಗೆ.

"ನಿಮ್ಮ ಭಕ್ತಿ ನನಗೆ ಗೊತ್ತು ಅಯ್ಯನವರೇ. ಆದರೆ ನಾನು ಆತ ಅಲ್ಲ. ನಾನು ಬರೀ ಕೈ. ಆತನಿಗೆ ಸಲ್ಲೋದನ್ನ ನನಗೆ ಎತ್ತಬಾರದು."

ಹಿರಿಯರ ಕಡೆ ತಿರುಗಿ, "ಚೀಲಕ್ಕೆ ಬೆಂಕಿ ಹತ್ತುತ್ತೆ ಅಂತ ಬಂದ್ರಾ ಯಜಮಾನ್ರೇ?" ಎಂದೆ. ಹಾಗಾದರೂ ಆಗಿರಲಿ ಎಂದು ಆಸೆ.

"ಚೀಲ ಹೋದ್ರೆ ಚೀಲ ಬತ್ತದೆ. ಈಸಾ ಪೈಗಂಬರು ಅಲ್ಲಾಹ್ ಒಬ್ಬನಿಗೇ ತಲೆ ಬಾಗಿದೋರು ಅಯ್ನೋರೆ. ಅವರಿಗೆ ಆರತಿ ಎತ್ತಿದ್ರೆ ಮೊದಲು ನೋವಾಗೋದು ಅವರಿಗೇ. ಅದಕ್ಕೆ ಬಂದೆ." ಉಪದೇಶಿಗಳನ್ನು ನೋಡಿ, "ನೀವೂ ಬ್ಯಾಡ ಅಂದ್ರಿ" ಎಂದರು.

"ನಾನು ಅಂದದ್ದು ಬೇರೆ ಕಾರಣಕ್ಕೆ."

"ಗೊತ್ತೈತೆ" ಎಂದರು ಹಿರಿಯರು.

ಸಾಹೇಬರು ಹಾಗೆಯೇ ಕುಳಿತಿದ್ದರು, ಪಂಚೆ ಮೊಣಕಾಲಿಗೆ ಎತ್ತಿಕೊಂಡು, ಕಾಲು ಬೋಗುಣಿಯಲ್ಲಿಟ್ಟುಕೊಂಡು, ಮುಖದಲ್ಲಿ ಬೆವರಿಗೆ ಇಳಿದ ಬಣ್ಣ. ನೋಡುವುದಿಲ್ಲವೆಂದಿದ್ದ ಹಿರಿಯರು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಉಪದೇಶಿಗಳ ಸೊಂಟದ ಟವಲಿನ ಕಡೆ ಕೈತೋರಿ ಹೇಳಿದರು.

"ಬೀಗರ ಕಾಲು ಒದ್ದೆ ಐತೆ. ಒರೆಸಿ ಕಳಿಸಿ ಉಪದೇಶಿಗಳೇ. ಮನೇಲಿ ಹೆಂಗಸ್ರು ಊಟಕ್ಕೆ ಕಾಯ್ತಾವ್ರೆ."

ಉಪದೇಶಿಗಳು ಟವಲು ಬಿಚ್ಚಿಕೊಂಡು ಮತ್ತೆ ಮಂಡಿಯೂರಿದರು. ಈ ಸಲ ಸಾಹೇಬರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.